ಕಣ್ಣಿಲ್ಲದ ಹೆಲ್ಮೆಟ್

ಗಣೇಶಪ್ರಸಾದ ಮಾಷ್ಟ್ರು ಅರ್ಧ ಗಡ್ಡ ಕೆರೆದು ಅರ್ಧ ಬಿಟ್ಟು ಕನ್ನಡಿಯ ಮುಂದೆ ನಿಂತಿದ್ದರು. ಉಳಿದರ್ಧದ ಮೇಲಿನ ಸಾಬೂನು ಒಣಗಿ, ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಕರಿದು ಊಟಕ್ಕೆ ಬಡಿಸಬಹುದಾದ ಹಪ್ಪಳವಾಗುವ ಹಾಗಿತ್ತು. ಬಚ್ಚಲಿನ ಗೂಡಿನಲ್ಲಿಟ್ಟ ಫೋನು, ಮೂವರ ವಾಟ್ಸಾಪ್ ಗುಂಪಿಗೆ ಬಂದ ಸಂದೇಶವನ್ನು ನಿತ್ಯಾನಂದ ಶೆಟ್ಟರ ಸ್ವರದಲ್ಲಿ ಹೇಳುತ್ತಿತ್ತು. ಶೆಟ್ಟರ ಸ್ವರವೆಂದರೆ, ಬೆಳ್ತಂಗಡಿಯ ತಮ್ಮ ಹೋಟೆಲಿನಲ್ಲಿ ನಿಂತು ‘ಎರಡು ಬನ್ಸ್’ ಎಂದು ಅವರು ಕೂಗಿದರೆ ಮೂಡುಬಿದಿರೆಯ ಬಸದಿಯ ಸಾವಿರ ಕಂಬಗಳಲ್ಲಿ ಒಂದೆರಡಾದರೂ ಜರುಗಿ ಜಾಗ ಬಿಡಬೇಕು. “ಮಾಷ್ಟ್ರೇ, ಸಮದ್, ಇಬ್ಬರೂ ಕೇಳಿ. ಪೊಲೀಸಿಗೆ ಕೊಟ್ಟದ್ದಾಯ್ತು, ಗ್ರಾಹಕರ ಕೋರ್ಟಿಗೆ ಬರೆದದ್ದಾಯ್ತು. ಆ ಕಂಪೆನಿಯವನು ಬಾಗಿಲು ಹಾಕಿ ಎಲ್ಲಿ ಹೋಗಿ ಕೂತಿದ್ದಾನೋ ಯಾರಿಗೂ ಗೊತ್ತಿಲ್ಲ. ಇವತ್ತು ಸಂಕ್ರಮಣ. ಸಿದ್ಧಕಟ್ಟೆಯಲ್ಲಿ ನಮ್ಮ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲದ ಪೂಜೆ ಉಂಟು. ಮೂವರೂ ಹೋಗಿ ತೆಂಗಿನಕಾಯಿ ಇಟ್ಟು ದೂರು ಹೇಳಿಕೊಳ್ಳುವ. ನಮ್ಮ ವಸ್ತು ಯಾರ ಕೈಯಲ್ಲಿ ಉಂಟೋ ಅವನಿಗೆ ಊಟ ರುಚಿಸಬಾರದು, ನಿದ್ರೆ ಹತ್ತಬಾರದು. ಹನ್ನೊಂದಕ್ಕೆ ಬನ್ನಿ. ಮಾಷ್ಟ್ರೇ, ನೀವು ಸೈನ್ಸ್ ಅಂತ ತಪ್ಪಿಸಿಕೊಳ್ಳಬೇಡಿ.”

ಮಾಷ್ಟ್ರು ಮೇಲೆ ನೋಡಿದರು. ಬಚ್ಚಲಿನ ಮಾಡಿನ ಕೆಳಗೆ ಹಲಗೆ ಹಾಸಿದ ಸಣ್ಣ ಅಟ್ಟ. ಅಲ್ಲಿ ತುಕ್ಕು ಹಿಡಿದ ಹಂಡೆಗೂ ಹರಕು ಚಾಪೆಗೂ ನಡುವೆ, ಹಳೆಯ ಪಂಚೆಯಲ್ಲಿ ಸುತ್ತಿ ಇಟ್ಟದ್ದು, ಅವರ ತಲೆಗಿಂತ ಎರಡು ಮೊಳ ಎತ್ತರದಲ್ಲಿ ಕೂತಿತ್ತು. ಆ ಕಪ್ತಾನನ ಹೆಲ್ಮೆಟ್. ಇಂಗ್ಲಿಷ್ ಸಿನಿಮಾದ ಕುರುಡು ಕಪ್ತಾನ ಅದನ್ನು ಹಾಕಿಕೊಂಡು, ಬರೇ ಅಲೆಗಳ ಸದ್ದು ಕೇಳಿ ಹಡಗು ನಡೆಸುತ್ತಾನೆ. ಕಬ್ಬಿಣದ್ದು, ನೆತ್ತಿಯ ಮೇಲೆ ಹಡಗಿನ ಚುಕ್ಕಾಣಿಯಂಥ ರೆಕ್ಕೆ, ಮೂಗಿಗೆ ಎರಡು ತೂತು, ಬಾಯಿಗೆ ಒಂದು ಸೀಳು. ಕಣ್ಣಿನ ಜಾಗದಲ್ಲಿ ಏನೂ ಇಲ್ಲ, ನುಣ್ಣಗಿನ ಲೋಹ. ಸಿನಿಮಾದ ವಸ್ತುಗಳನ್ನೇ ಅಚ್ಚು ತೆಗೆದ ಹಾಗೆ ಮಾಡಿ ಮಾರುವ ಕಂಪೆನಿಯೊಂದು ಅದನ್ನೂ ಮಾಡುತ್ತದೆಂದು ಗೊತ್ತಾದಾಗ ಈ ಮೂವರು ಮುಂಗಡ ಕೊಟ್ಟು ಕಾದಿದ್ದರು. ಮಾಷ್ಟ್ರ ಇಂಗ್ಲಿಷ್ ಒಳ್ಳೆಯದು, ಮೂರನ್ನೂ ಒಂದೇ ಹೆಸರಿಗೆ ತರಿಸಿದರೆ ಸಾಗಾಟ ಕಡಿಮೆ ಎಂದು ಎಲ್ಲವೂ ಮಾಷ್ಟ್ರ ಹೆಸರಿನಲ್ಲಿ. ಕಂಪೆನಿ ಮುಳುಗಿತು. ಆದರೆ ಮುಳುಗುವುದಕ್ಕೆ ಮೊದಲು ಒಂದು ಪೆಟ್ಟಿಗೆಯನ್ನು ಹೊರಗೆ ಎಸೆದಿತ್ತು. ಅದು ಬಿ.ಸಿ.ರೋಡಿನ ಬಸ್ ಸ್ಟ್ಯಾಂಡಿನ ಹಿಂದಿನ ಈ ಬಾಡಿಗೆ ಮನೆಯ ಮೆಟ್ಟಿಲು ಹತ್ತಿ ಬಂದಿತ್ತು.

“ಯಾರಿಗೆ ನಿದ್ರೆ ಹತ್ತಬಾರದಂತೆ?” ಹೆಂಡತಿ ಶುಭಶ್ರೀ ಬಚ್ಚಲಿನ ಬಾಗಿಲಲ್ಲಿ ನಿಂತು ಕೇಳಿದಳು. “ಅವರ ಶಾಪಕ್ಕೆ ಇನ್ನು ಕೆಲಸವೇ ಇಲ್ಲ. ನೀವು ಮಲಗಿ ಹೊರಳುವ ಸದ್ದಿಗೆ ಕೆಳಗಿನ ನೀಲಾವತಿಯವರು ಇಲಿ ಪಾಷಾಣ ತಂದಿಟ್ಟಿದ್ದಾರೆ.”

“ನೀನು ಸುಮ್ಮನಿರು.”

“ನಾನು ಸುಮ್ಮನೆಯೇ ಇದ್ದೇನೆ. ಮೇಲಿರುವ ಕೊಪ್ಪರಿಗೆಯೂ ಸುಮ್ಮನಿದೆ. ಮಾತಾಡಬೇಕಾದವರು ನೀವು. ಮುಖದ ಇನ್ನರ್ಧ ತೊಳೆದುಕೊಳ್ಳಿ.”

ಅವಳು ಮೊದಲ ದಿನದಿಂದ ಅದನ್ನು ಕೊಪ್ಪರಿಗೆ ಎಂದೇ ಕರೆಯುತ್ತಿದ್ದಳು. ಹುಣಸೆಹುಳಿ ಹಾಕಿಡಲು ಒಳ್ಳೆಯದಿತ್ತು, ಮೂಗಿನ ತೂತು ಮುಚ್ಚಿಸಿಕೊಂಡು ಬನ್ನಿ ಎಂದಿದ್ದಳು. ಅವಳನ್ನು ಹೊಡೆಯಬೇಕೆನ್ನಿಸುವಷ್ಟು ಸಿಟ್ಟು ಬಂದು, ಆ ಸಿಟ್ಟಿಗೇ ನಾಚಿಕೆಯಾಗಿ, ಮಾಷ್ಟ್ರು ಬ್ಲೇಡು ಎತ್ತಿದರು; ಗಲ್ಲ ಕೊಯ್ದಿತು. ಪೆಟ್ಟಿಗೆ ಬಂದ ಮಧ್ಯಾಹ್ನವೂ ಅವರು ಹೀಗೇ ಕೈ ಕೊಯ್ದುಕೊಂಡಿದ್ದರು, ಟೇಪು ಬಿಚ್ಚುವ ಅವಸರದಲ್ಲಿ. ಒಳಗೆ ಒಂದೇ ಒಂದು. ತನ್ನದೇ, ತನ್ನ ಹೆಸರಿಗೆ ಬಂದದ್ದು ತನ್ನದೇ ಎಂದುಕೊಂಡು ಮಗುವಿನ ತಲೆ ಎತ್ತುವ ಹಾಗೆ ಎತ್ತಿ, ತಿರುಗಿಸಿ, ಒಳಗಿನ ಅಂಚು ನೋಡಿದರೆ ಕೊರೆದ ಅಂಕಿ ೭೧೭. ಒಂದೊಂದಕ್ಕೂ ಕೊಳ್ಳುವವರು ಕೇಳಿದ ಅಂಕಿ ಕೊರೆದು ಕೊಡುತ್ತೇವೆಂದು ಕಂಪೆನಿಯ ಮಾತು. ಮಾಷ್ಟ್ರು ೧೦೮ ಕೇಳಿದ್ದರು. ಶೆಟ್ಟರು, ಓ ಅಷ್ಟೋತ್ತರ ಮಾಷ್ಟ್ರೇ ಎಂದು ಗುಂಪಿನಲ್ಲಿ ನಕ್ಕಿದ್ದರು. ೭೧೭ ಅಬ್ದುಲ್ ಸಮದನದ್ದು. ಪುಂಜಾಲಕಟ್ಟೆಯಲ್ಲಿ ವಾಹನಗಳ ಬ್ಯಾಟರಿ ಅಂಗಡಿ ಇಟ್ಟ ಸಮದ್. ಒಂದು ಕಾಲದಲ್ಲಿ ಅವನೂ ಅವನ ತಮ್ಮ ನಾಸಿರನೂ ಗಲ್ಫಿನಲ್ಲಿ ಇದ್ದ ಕೋಣೆಯ ನಂಬರು ಅದು. ಆ ಕೋಣೆಯಲ್ಲೇ, ಒಂದೇ ಮಂಚದಲ್ಲಿ ಒತ್ತಿ ಕೂತು, ಅಂಗೈಯಷ್ಟು ಫೋನಿನಲ್ಲಿ ಅಣ್ಣತಮ್ಮ ಆ ಸಿನಿಮಾ ನೋಡಿದ್ದಂತೆ. ಆಮೇಲೆ ವೆಲ್ಡಿಂಗ್ ಮಾಡುತ್ತಿದ್ದಲ್ಲಿ ಗ್ಯಾಸು ಸಿಡಿದು ನಾಸಿರನ ಎರಡೂ ಕಣ್ಣು ಹೋದವು. ಊರಿಗೆ ಬಂದವನು, ಇನ್ನು ನಾನೇ ಕಪ್ತಾನ ಎಂದು ನಕ್ಕನಂತೆ. “ಅವನ ಕೈಗೆ ಒಮ್ಮೆ ಕೊಟ್ಟರೆ ಸಾಕು ಸರ್,” ಎಂದು ಸಮದ್ ಮುಂಗಡ ಕೊಡುವ ದಿನ ಹೇಳಿದ್ದ, “ಅವನು ನೋಡಿಕೊಳ್ಳುತ್ತಾನೆ.” ನೋಡಿಕೊಳ್ಳುತ್ತಾನೆ ಎಂಬ ಮಾತು ಮಾಷ್ಟ್ರ ಕಿವಿಯಲ್ಲಿ ಉಳಿದಿತ್ತು, ಕಿವಿಯೊಳಗೆ ಹೋದ ಇರುವೆಯ ಹಾಗೆ.

ಆ ದಿನವೇ ಫೋನು ಮಾಡಬಹುದಿತ್ತು. ಒಂದು ರಾತ್ರಿ ಇಟ್ಟುಕೊಂಡು ನಾಳೆ ಹೇಳುವ ಎಂದುಕೊಂಡರು. ಉಳಿದೆರಡೂ ಹೇಗೂ ವಾರದೊಳಗೆ ಬರುತ್ತವೆ, ಮೂರೂ ಬಂದ ಮೇಲೆ ಒಟ್ಟಿಗೇ ಹಂಚಿದರೆ ಚಂದ ಎಂದುಕೊಂಡರು. ಅದೇ ವಾರ ಕಂಪೆನಿ ಮುಚ್ಚಿತು. ಈಗ ಹೇಳಿದರೆ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಾಳೆ ಹೇಳಿದರೆ ಇವತ್ತು ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಹೀಗೆ ಒಂದೊಂದು ದಿನವೂ ಹಿಂದಿನ ದಿನದ ಹೆಗಲೇರಿ ಕೂತು, ಈಗ ಅದರ ತುದಿ ನೋಡಬೇಕಾದರೆ ಏಣಿ ಬೇಕಾಗುತ್ತಿತ್ತು. ಶೆಟ್ಟರ ಹೋಟೆಲಿನ ಗೋಡೆಯಲ್ಲಿ ಗಾಜಿನ ಕಪಾಟು. ಅದರಲ್ಲಿ ಸಿನಿಮಾದ ಕತ್ತಿ, ಪಿಸ್ತೂಲು, ರಾಜನ ಉಂಗುರ. ಜನ ನೀರುದೋಸೆ ಮುರಿಯುತ್ತಾ ನೋಡುತ್ತಾರೆ. ಒಮ್ಮೆ ಮಾಷ್ಟ್ರು ತಾವು ತಂದ ಮಂತ್ರವಾದಿಯ ಕೋಲನ್ನು ಅಲ್ಲಿ ತೋರಿಸಿದಾಗ ಶೆಟ್ಟರು ಅದನ್ನು ಬೆರಳಲ್ಲಿ ಬಡಿದು ನೋಡಿ, “ಪ್ಲಾಸ್ಟಿಕ್ ಅಲ್ಲವಾ ಮಾಷ್ಟ್ರೇ, ಇದರಲ್ಲಿ ದೋಸೆ ಮಗುಚಬಹುದು ನೋಡಿ,” ಎಂದಿದ್ದರು. ಇಡೀ ಹೋಟೆಲು ನಕ್ಕಿತ್ತು, ನೀರು ಕುಡಿಯುತ್ತಿದ್ದವನೊಬ್ಬ ಮೂಗಿನಲ್ಲಿ ನೀರು ಬರುವವರೆಗೆ ನಕ್ಕಿದ್ದ. ಈಗ ಶೆಟ್ಟರ ಹತ್ತಿರ ಇಲ್ಲದ್ದು ಇಲ್ಲಿ ಇತ್ತು, ಹಂಡೆಯ ಪಕ್ಕದಲ್ಲಿ. ಹೇಳುವ ಹಾಗಿರಲಿಲ್ಲ, ಅಷ್ಟೆ. ತೋರಿಸುವ ಹಾಗಿಲ್ಲದ ವಸ್ತುವನ್ನು ಇಟ್ಟುಕೊಂಡವನು ಅದರ ಯಜಮಾನನೋ ಕಾವಲಿನ ನಾಯಿಯೋ? ಶುಭಶ್ರೀ ಪೇಟೆಗೆ ಹೋದ ಹೊತ್ತಿನಲ್ಲಿ ಮಾಷ್ಟ್ರು ಅದನ್ನು ಇಳಿಸಿ, ತಲೆಗೆ ಹಾಕಿ, ಕನ್ನಡಿಯ ಮುಂದೆ ನಿಲ್ಲುತ್ತಿದ್ದರು. ಹಾಕಿದ ಮೇಲೆ ಕನ್ನಡಿ ಕಾಣುತ್ತಿರಲಿಲ್ಲ. ತಾನು ಹೇಗೆ ಕಾಣುತ್ತೇನೆಂದು ಗೊತ್ತಾಗದೆ ಕತ್ತಲಲ್ಲಿ ಎದೆ ಉಬ್ಬಿಸಿ ನಿಂತಿರುತ್ತಿದ್ದರು. ಒಮ್ಮೆ ಹಾಗೆ ನಿಂತಿದ್ದಾಗ ಅವಳ ಸ್ವರ ಬಹಳ ಹತ್ತಿರದಿಂದ ಕೇಳಿತು: “ನಾನು ಬಂದು ಚಾ ಮಾಡಿ ಕುಡಿದೂ ಆಯ್ತು.”

ಸಿದ್ಧಕಟ್ಟೆಯ ಆ ಮನೆಯ ಅಂಗಳಕ್ಕೆ ಸೆಗಣಿ ಸಾರಿಸಿ ಇನ್ನೂ ಹಸಿಯಿತ್ತು. ಶೆಟ್ಟರು ಬಿಳಿ ಪಂಚೆ ಉಟ್ಟು, ಸೊಂಟಕ್ಕೆ ಶಾಲು ಸುತ್ತಿ, ಮದುವೆಯ ಮದುಮಗನ ಅಪ್ಪನ ಹಾಗೆ ಓಡಾಡುತ್ತಿದ್ದರು. “ಗಲ್ಲಕ್ಕೆ ಏನಾಯ್ತು ಮಾಷ್ಟ್ರೇ? ಹೆಂಡತಿ ಪಾಠ ಮಾಡಿದ್ದಾ?” ಸಮದ್ ಅಂಗಳದ ತುದಿಯಲ್ಲಿ, ಚಪ್ಪಲಿ ಕಳಚಿ, ಕೈಕಟ್ಟಿ ನಿಂತಿದ್ದ. ಮಾಷ್ಟ್ರು ಅವನತ್ತ ತಲೆಯಾಡಿಸಿದರು, ಅವನೂ ಆಡಿಸಿದ. ಅವನ ಕಣ್ಣು ಯಾವತ್ತಿನ ಹಾಗೆಯೇ ಇತ್ತು, ಯಾವತ್ತಿನ ಹಾಗಿದ್ದದ್ದೇ ಮಾಷ್ಟ್ರಿಗೆ ಸಹಿಸಲಾಗಲಿಲ್ಲ. ಈ ಮನುಷ್ಯ ಒಮ್ಮೆಯಾದರೂ ಬೈಯಬಾರದೇ, ಇಂಗ್ಲಿಷ್ ಬರುತ್ತದೆಂದು ನಂಬಿ ಕೆಟ್ಟೆವು ಎಂದು ಒಮ್ಮೆಯಾದರೂ ಹೇಳಬಾರದೇ. ಗುಡಿಯೊಳಗೆ ಹಲಗೆಯ ಉಯ್ಯಾಲೆಯ ಮೇಲೆ ದೈವದ ಮೊಗ, ಹಿತ್ತಾಳೆಯ ಮುಖವಾಡ, ದೀಪಕ್ಕೆ ಹೊಳೆಯುತ್ತಿತ್ತು. ಬೆಳ್ಳಿಯ ದೊಡ್ಡ ಕಣ್ಣು. ತನ್ನ ಅಟ್ಟದಲ್ಲಿರುವುದಕ್ಕೆ ಕಣ್ಣಿಲ್ಲ. ಇದಕ್ಕೆ ಇಡೀ ಮುಖವೇ ಕಣ್ಣು. ಭೌತಶಾಸ್ತ್ರದ ಮಾಷ್ಟ್ರು ತಮಗೆ ತಾವೇ, ಬೆಳ್ಳಿ, ಬೆಳಕಿನ ಪ್ರತಿಫಲನ ಎಂದು ಹೇಳಿಕೊಂಡರು; ಅಷ್ಟು ಹೇಳಿಕೊಂಡ ಕೂಡಲೇ ಆ ಕಣ್ಣಿನ ನೇರದಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

ಶೆಟ್ಟರ ಮಾವ, ಆ ಮನೆಯ ಹಿರಿಯರು, ಎಲೆ ಇಟ್ಟು, ಅವಲಕ್ಕಿ ಬಾಳೆಹಣ್ಣು ಬಡಿಸಿ, ನೀರು ಬಿಟ್ಟರು. ಮುಪ್ಪಿನಲ್ಲಿ ಅವರು ಎಷ್ಟು ಒಣಗಿದ್ದರೆಂದರೆ ಗಾಳಿ ಬಂದಾಗ ಊದುಬತ್ತಿಯ ಹೊಗೆಯ ಜೊತೆ ಅವರೂ ಒಂದು ಕಡೆಗೆ ವಾಲುತ್ತಿದ್ದರು. ಶೆಟ್ಟರು ಮೂವರ ಪರವಾಗಿ ಹೇಳಲು ಬಾಯಿ ತೆರೆದಾಗ ಅವರು ಕೈ ಎತ್ತಿ ತಡೆದರು.

“ಕಳಕೊಂಡವರು ಅವರವರೇ ಹೇಳಬೇಕು. ಇಲ್ಲಿ ವಕೀಲರನ್ನು ಇಡ್ಲಿಕ್ಕೆ ಆಗುವುದಿಲ್ಲ.”

ಶೆಟ್ಟರು ಹೇಳಿದರು. ಕಾಯಿಯ ಮೇಲೆ ಕೈಯಿಟ್ಟು, ನಮ್ಮ ವಸ್ತು ಯಾರ ಮನೆಯಲ್ಲಿದೆಯೋ, ಅದು ನಮ್ಮ ಕೈ ಸೇರುವವರೆಗೆ ಅವನ ಅನ್ನ ಮಣ್ಣಾಗಲಿ ಎಂದು, ಹೋಟೆಲಿನಲ್ಲಿ ಆರ್ಡರು ಹೇಳುವ ಸ್ವರದಲ್ಲೇ ಹೇಳಿದರು. ಮಾಷ್ಟ್ರ ಸರದಿ ಬಂತು. ತೆಂಗಿನಕಾಯಿ ತಣ್ಣಗಿತ್ತು. ಇಲ್ಲ ಎನ್ನಬಹುದಿತ್ತು, ನನಗೆ ಇದರಲ್ಲೆಲ್ಲ ನಂಬಿಕೆಯಿಲ್ಲ ಎಂದರೆ ಶೆಟ್ಟರು ಬೈದು ಬಿಡುತ್ತಿದ್ದರು. ಆದರೆ ಬೆನ್ನ ಹಿಂದೆ ಅಂಗಳದಲ್ಲಿ ಸಮದ್ ನಿಂತಿದ್ದ. ಹೇಳದಿದ್ದರೆ ಅವನಿಗೆ ಗೊತ್ತಾಗುತ್ತದೆ ಅನ್ನಿಸಿತು. ಮೆಲ್ಲಗೆ ಹೇಳಿದರೂ ಗೊತ್ತಾಗುತ್ತದೆ ಅನ್ನಿಸಿತು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ಸ್ವರ ತೆಗೆದು ಮಾಷ್ಟ್ರು, “ನಮ್ಮ ವಸ್ತು ಇಟ್ಟುಕೊಂಡವನ ಅನ್ನ ಮಣ್ಣಾಗಲಿ,” ಎಂದರು. ಮಾವ ಅವರನ್ನು ನೋಡಲಿಲ್ಲ, ಪ್ರಸಾದದ ಬಾಳೆಹಣ್ಣು ಕೊಟ್ಟರು. ಅದನ್ನು ಎಲ್ಲರೆದುರು ತಿನ್ನಬೇಕಾಯಿತು; ಎಷ್ಟು ಅಗಿದರೂ ಗಂಟಲಲ್ಲಿ ಇಳಿಯಲಿಲ್ಲ, ಕದಳಿ ಹಣ್ಣು ಬಟ್ಟೆಯ ಉಂಡೆಯ ಹಾಗೆ ಕೂತುಬಿಟ್ಟಿತು. ಶೆಟ್ಟರು ಬೆನ್ನಿಗೆ ಗುದ್ದಿ, “ಮೆಲ್ಲ ಮಾರಾಯ್ರೆ, ಯಾರೂ ಕಸಿದುಕೊಳ್ಳುವುದಿಲ್ಲ,” ಎಂದರು.

ಸಮದ್‌ಗೆ ಬಿ.ಸಿ.ರೋಡಿನಲ್ಲಿ ಬ್ಯಾಟರಿ ಎತ್ತುವುದಿತ್ತು. ಮಾಷ್ಟ್ರು ಬೇಡವೆಂದರೂ ತನ್ನ ಓಮ್ನಿಗೆ ಹತ್ತಿಸಿಕೊಂಡ. ಒಳಗೆ ಆಸಿಡಿನ ವಾಸನೆ. ಸಿದ್ಧಕಟ್ಟೆಯ ಪೇಟೆ ದಾಟಿದ ಮೇಲೆ ಅವನು ಬಾಯಿ ತೆರೆದ.

“ಸರ್, ನೀವು ದೊಡ್ಡದಾಗಿ ಹೇಳಿದಿರಿ.”

“ಹೂಂ. ಹೇಳಬೇಕಲ್ಲ.”

“ನಾನು ಹೇಳಲಿಲ್ಲ.”

“ನಿಮಗೆ ಅದೆಲ್ಲ ಆಗುವುದಿಲ್ಲ ಅಲ್ಲವಾ, ನಿಮ್ಮದು ಬೇರೆ...”

“ಅದಕ್ಕಲ್ಲ. ನಮ್ಮ ಬಾಪ ದನ ಕಳೆದಾಗ ಇಲ್ಲಿಗೇ ಬಂದು ಹೇಳಿಕೊಂಡಿದ್ದರು. ಶಾಪ ತಾಗುವವರು ಯಾರಂತ ಗೊತ್ತಿಲ್ಲದಿದ್ದರೆ ಹೇಳಬಹುದು ಸರ್. ಗೊತ್ತಿದ್ದರೆ ನಾಲಿಗೆ ಏಳುವುದಿಲ್ಲ.” ಎದುರಿಂದ ಬಂದ ಬಸ್ಸಿಗೆ ಅವನು ದಾರಿ ಬಿಟ್ಟ. “ಕೊರಿಯರ್‌ನ ವ್ಯಾನು ಆ ದಿನ ನನ್ನ ಅಂಗಡಿ ಎದುರೇ ನಿಂತುಹೋಗಿತ್ತು. ಬ್ಯಾಟರಿ ಡೌನು. ನಾನೇ ಹೊಸದು ಹಾಕಿ ಕಳಿಸಿದ್ದು. ಹಿಂದಿನ ಬಾಗಿಲು ತೆರೆದಾಗ ಪೆಟ್ಟಿಗೆ ಕಂಡಿತು. ಕಂಪೆನಿಯ ಹೆಸರು, ನಿಮ್ಮ ಹೆಸರು. ವ್ಯಾನು ಬೇಗ ಸರಿಯಾಗಲಿ ಅಂತ ಮನೆಗೆ ಊಟಕ್ಕೂ ಹೋಗಲಿಲ್ಲ ನಾನು.”

ಮಾಷ್ಟ್ರ ಮುಖಕ್ಕೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಸಿಟ್ಟು ಬಂದದ್ದಕ್ಕೆ ಬಹಳ ಹಗುರವೂ ಆಯಿತು, ಇಷ್ಟು ದಿನ ಇದಕ್ಕೇ ಕಾದಿದ್ದ ಹಾಗೆ. “ಗೊತ್ತಿದ್ದರೆ ಮೊದಲೇ ಕೇಳಬೇಕಿತ್ತು. ಗೊತ್ತಿದ್ದೂ ಸುಮ್ಮನಿದ್ದು ನನ್ನ ಬಾಯಲ್ಲಿ ಅದನ್ನು ಹೇಳಿಸಿದಿರಲ್ಲ, ಇದೆಂಥ ಬುದ್ಧಿ? ಅದರಲ್ಲಿ ಯಾರ ಹೆಸರಿದೆ? ಬಂದದ್ದು ನನ್ನ ಹೆಸರಿಗೆ.”

“ಕೇಳಿದ್ದರೆ ನೀವು ಇಲ್ಲ ಅನ್ನುತ್ತಿದ್ದಿರಿ,” ಸಮದ್ ಹೇಳಿದ. “ಆಮೇಲೆ ನಾನು ನಿಮ್ಮ ಮುಖ ಹೇಗೆ ನೋಡುವುದು?”

ಬಂಟ್ವಾಳದಲ್ಲಿ ಹೊಳೆಬದಿಯ ರಸ್ತೆಯಲ್ಲಿ ಓಮ್ನಿ ನಿಂತಿತು, ಮುಂದೆ ಲಾರಿಗಳ ಸಾಲು. ಕೆಳಗೆ ನೇತ್ರಾವತಿ ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಸಮದ್ ಸ್ಟೇರಿಂಗಿನ ಮೇಲೆ ಕೈಯಿಟ್ಟು ಮುಂದಿನ ಲಾರಿಯ ಹಿಂಭಾಗವನ್ನೇ ನೋಡುತ್ತಾ ಹೇಳಿದ. “ನಾಸಿರನಿಗೆ ನಾನು ಆ ದಿನವೇ ಹೇಳಿಬಿಟ್ಟಿದ್ದೇನೆ ಸರ್, ಬಂದಿದೆ ಅಂತ. ಮಾಷ್ಟ್ರ ಮನೆಯಲ್ಲಿ ಉಂಟು, ತುಕ್ಕು ಬಾರದ ಹಾಗೆ ಪಾಲಿಶ್ ಮಾಡಿ ಕೊಡ್ತಾರೆ ಅಂತ. ದಿನಾ ಕೇಳ್ತಾನೆ, ಮಾಷ್ಟ್ರ ಪಾಲಿಶ್ ಮುಗಿಯಲಿಲ್ಲವಾ ಅಂತ. ಇಷ್ಟು ದಿನ ಉಜ್ಜಿದರೆ ಕಬ್ಬಿಣವೇ ಸವೆದುಹೋಗ್ತದೆ ಸರ್.”

ಮರುದಿನ ಬೆಳಿಗ್ಗೆ ಮಾಷ್ಟ್ರು ಅಟ್ಟದಿಂದ ಅದನ್ನು ಇಳಿಸಿದಾಗ ಪೆಟ್ಟಿಗೆ ಸಿಗಲಿಲ್ಲ. “ನೀಲಾವತಿಯವರ ಹೇಂಟೆ ಅದರಲ್ಲಿ ಕಾವಿಗೆ ಕೂತಿದೆ,” ಶುಭಶ್ರೀ ಹೇಳಿದಳು. “ಎಬ್ಬಿಸಿದರೆ ಮೊಟ್ಟೆ ಹಾಳಾಗ್ತದೆ, ನೀವು ಹಾಳಾದದ್ದು ಸಾಲದಾ?” ನೆತ್ತಿಯ ರೆಕ್ಕೆಯಿಂದಾಗಿ ಯಾವ ಚೀಲಕ್ಕೂ ಅದು ಹಿಡಿಯಲಿಲ್ಲ. ಪಂಚೆಯಲ್ಲಿ ಗಂಟು ಕಟ್ಟಿ ಹಿಡಿದುಕೊಂಡು ಹೊರಟರು. ಅವಳು ಮೆಟ್ಟಿಲಿನವರೆಗೆ ಬಂದಳು; ಇನ್ನೇನೋ ಹೇಳುತ್ತಾಳೆಂದು ಮಾಷ್ಟ್ರು ಕಾದರು. ಪಂಚೆಯ ಗಂಟು ಬಿಗಿ ಮಾಡಿ ಒಳಗೆ ಹೋದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಪುಂಜಾಲಕಟ್ಟೆಗೆ ಹೋಗುವ ಬೆಳ್ತಂಗಡಿ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ; ಉಸಿರು ಬಿಡುವುದಕ್ಕೂ ಸರದಿ ಕಾಯಬೇಕಾದಷ್ಟು ಜನ. ಹೇಗೋ ಒಂದು ಸೀಟು ಸಿಕ್ಕಿತು. ಮೊದಲ ತಿರುವಿನಲ್ಲೇ ಗಂಟು ಸಡಿಲಿ, ಎರಡನೇ ತಿರುವಿನಲ್ಲಿ ಪಂಚೆ ಜಾರಿ, ಮಾಷ್ಟ್ರ ತೊಡೆಯ ಮೇಲೆ ಕಣ್ಣಿಲ್ಲದ ಕಬ್ಬಿಣದ ಮುಖ ಹಗಲಿಗೆ ತೆರೆದುಕೊಂಡಿತು.

“ಯಾವ ಯಕ್ಷಗಾನ ಮೇಳ ಮಾಷ್ಟ್ರೇ?” ಕಂಡಕ್ಟರ್ ಕೇಳಿದ. “ರಾಕ್ಷಸ ವೇಷವಾ? ಸೀಟಿನಲ್ಲಿ ಕೂತಿದೆ, ಅದಕ್ಕೂ ಒಂದು ಟಿಕೆಟ್ ಹರಿಯಬೇಕಾ?”

“ಅದಕ್ಕೆ ಹಾಫ್ ಟಿಕೆಟ್ ಸಾಕು, ಕಣ್ಣಿಲ್ಲ,” ಮೀನಿನ ಬುಟ್ಟಿಯ ಹೆಂಗಸು ಹೇಳಿದಳು. ಬಸ್ಸು ನಕ್ಕಿತು. ಯಾರೋ ಫೋನು ಎತ್ತಿ ಫೋಟೊ ತೆಗೆದರು. ಮಾಷ್ಟ್ರು ಪಂಚೆ ಮುಚ್ಚಿದರು, ಅದು ಮತ್ತೆ ಜಾರಿತು. ಇಷ್ಟು ದಿನ ಯಾರಿಗೂ ತೋರಿಸಲಾಗದೆ ಬೆಂದಿದ್ದರಲ್ಲ, ಈಗ ಎಲ್ಲರೂ ನೋಡುತ್ತಿದ್ದರು. ಒಬ್ಬನಿಗೂ ಅದು ಏನೆಂದು ಗೊತ್ತಿರಲಿಲ್ಲ. ಇದು ಆ ಕಪ್ತಾನನದ್ದು, ಇಡೀ ದೇಶದಲ್ಲಿ ಕೆಲವೇ ಉಂಟು ಎಂದು ಹೇಳುವ ಆಸೆ ಈ ಸ್ಥಿತಿಯಲ್ಲೂ ನಾಲಿಗೆಯ ತುದಿಗೆ ಬಂದದ್ದು ಕಂಡು ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಸಮದನ ಮನೆ ಅಂಗಡಿಯ ಹಿಂದೆಯೇ. ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾಸಿರ್ ಕೂತಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಯಾರೋ ಬರುತ್ತಾರೆಂದು ಹೇಳಿ ತಯಾರು ಮಾಡಿದ ಹಾಗಿತ್ತು. ಸಮದ್ ತಮ್ಮನ ಮೊಣಕಾಲಿನ ಮೇಲೆ ಹೆಲ್ಮೆಟ್ ಇಟ್ಟ. “ಪಾಲಿಶ್ ಮುಗಿಯಿತಂತೆ,” ಎಂದ. ನಾಸಿರನ ಬೆರಳು ರೆಕ್ಕೆಯ ಮೇಲೆ ಹತ್ತಿತು, ಇಳಿಯಿತು, ಕಣ್ಣಿನ ಜಾಗಕ್ಕೆ ಬಂದು ಅಲ್ಲಿ ಬಹಳ ಹೊತ್ತು ನಿಂತಿತು. ಆಮೇಲೆ ಒಳಗಿನ ಅಂಚಿಗೆ ಹೋಯಿತು. “ಏಳು,” ಎಂದ. “ಒಂದು. ಏಳು.” ಅಣ್ಣನ ಕಡೆಗೆ ತಿರುಗಿ ಹಲ್ಲು ಬಿಟ್ಟು ನಕ್ಕ. ಮಾಷ್ಟ್ರು ಆ ನಗುವನ್ನು ನೋಡಲಾರದೆ ಜಗಲಿಯ ಕೆಳಗಿನ ಹಳೆಯ ಬ್ಯಾಟರಿಗಳನ್ನು ನೋಡಿದರು. ನಾಸಿರ್ ಅದನ್ನು ಮೂಗಿನ ಹತ್ತಿರ ತಂದ. ನಗು ಅಲ್ಲೇ ನಿಂತಿತು.

“ಒಳಗೆ ಹೊಸ ಸ್ಪಂಜಿನ ವಾಸನೆ ಇಲ್ಲ,” ಎಂದ. “ತಲೆಎಣ್ಣೆಯ ವಾಸನೆ ಉಂಟು.”

ಹೆಲ್ಮೆಟನ್ನು ಮತ್ತೆ ಮೊಣಕಾಲಿನ ಮೇಲೆ ಇಳಿಸಿ ನಾಸಿರ್ ಮಾಷ್ಟ್ರಿದ್ದ ಕಡೆಗೆ ಮುಖ ತಿರುಗಿಸಿದ.

“ಸರ್, ಹತ್ತಿರ ಬನ್ನಿ. ಒಮ್ಮೆ ಹಾಕಿ. ತಲೆಯ ಮೇಲೆ ಅದು ಹೇಗೆ ಕೂರ್ತದೆ ಅಂತ ನನಗೆ ಕೈಯಲ್ಲಿ ನೋಡಬೇಕು.”

ಬೇಡ ಎನ್ನಲು ಮಾಷ್ಟ್ರಿಗೆ ಆಗಲಿಲ್ಲ. ಮೊಣಕಾಲೂರಿ ಕುರ್ಚಿಯ ಮುಂದೆ ಕೂತರು. ಆಳಿಗಿಂತ ದೊಡ್ಡ ಕೈಗಳು ಅವರ ಕಿವಿಯ ಎರಡೂ ಬದಿಯಲ್ಲಿ ಬಂದು ಹೆಲ್ಮೆಟ್ ಇಳಿಸಿದವು. ಪರಿಚಯದ ಕತ್ತಲು. ತಮ್ಮದೇ ತಲೆಎಣ್ಣೆಯ ವಾಸನೆ, ಹುಳಿ ಹಿಡಿದ ಬೆವರು. ಅಷ್ಟು ದಿನ ಅದು ತನಗೆ ಗೊತ್ತಾಗಿರಲೇ ಇಲ್ಲ. ಹೊರಗೆ ಬೆರಳುಗಳು ಲೋಹದ ಮೇಲೆ ನಡೆಯುವ ಸದ್ದು, ಮಾಡಿನ ಮೇಲೆ ಬೆಕ್ಕು ನಡೆದ ಹಾಗೆ. “ಅಳತೆ ತೆಗೆದ ಹಾಗೆ ಕೂತಿದೆ,” ನಾಸಿರನ ಸ್ವರ ದೂರದಿಂದ ಬಂತು. “ದಿನಾ ಹಾಕಿ ಹಾಕಿ ಅಭ್ಯಾಸ ಆದ ತಲೆ.”

ರಸ್ತೆಯ ಕಡೆ ಜೀಪು ಗಕ್ಕನೆ ನಿಂತಿತು. ಚಪ್ಪಲಿಗಳು ಅಂಗಳಕ್ಕೆ ಬಂದವು. ಆ ಸ್ವರವನ್ನು ಕಬ್ಬಿಣದೊಳಗೂ ಗುರುತಿಸಬಹುದಿತ್ತು. “ಸಮದ್, ಇದು ನೋಡು ಮಾರಾಯ, ಬಸ್ಸಿನಲ್ಲಿ ಯಾರೋ ತೆಗೆದ ಫೋಟೊ. ಊರಿಡೀ ಸುತ್ತಿ ನನಗೇ ಬಂತು, ಶೆಟ್ರೇ ಇದು ನಿಮ್ಮ ಹೋಟೆಲಿಗಾ ಅಂತ. ಹಿಡಿದವನ ಮುಖ ಕಾಣುವುದಿಲ್ಲ, ಕೈ ಮಾತ್ರ ಉಂಟು. ನಿನ್ನೆ ತಾನೆ ಹೇಳಿಕೊಂಡದ್ದು, ನೋಡು ಇವತ್ತೇ...” ಚಪ್ಪಲಿಗಳು ನಿಂತವು. ಅಷ್ಟು ದೊಡ್ಡ ಸ್ವರ ಒಮ್ಮೆಲೇ ಸಣ್ಣದಾಯಿತು.

“ಒಳಗೆ ಯಾರು?”

ಹೆಸರು ಹೇಳಲು ಇಬ್ಬರಿದ್ದರು. ಒಬ್ಬನೂ ಹೇಳಲಿಲ್ಲ. ತೆಗೆಯುವ ಎಂದು ಮಾಷ್ಟ್ರು ಎರಡೂ ಕೈ ಎತ್ತಿದರು. ನೆತ್ತಿಯ ರೆಕ್ಕೆಯ ಮೇಲೆ ನಾಸಿರನ ಅಂಗೈ ಇತ್ತು. ಒತ್ತಿ ಹಿಡಿದದ್ದಲ್ಲ, ಸುಮ್ಮನೆ ಇಟ್ಟದ್ದು. ಎತ್ತಿದರೆ ಎದ್ದೀತು. ಅವರ ಕೈ ಅರ್ಧಕ್ಕೇ ನಿಂತಿತು. ಹೊರಗೆ ಮೂವರೂ ಕಾಯುತ್ತಿದ್ದರು. ಕಳಕೊಂಡವರು ಅವರವರೇ ಹೇಳಬೇಕೆಂದು ಆ ಒಣಗಿದ ಮಾವ ಕೈ ಎತ್ತಿದ್ದು ನೆನಪಾಯಿತು. ಇಟ್ಟುಕೊಂಡವರು ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ.

“ನಾನು,” ಎಂದರು ಮಾಷ್ಟ್ರು. ನಿನ್ನೆ ಕೊನೆಯ ಬೆಂಚಿನವರೆಗೆ ಹೋದ ಸ್ವರ ಇವತ್ತು ಕಬ್ಬಿಣವನ್ನು ದಾಟಲಿಲ್ಲ.

“ಯಾರಂತೆ?” ಶೆಟ್ಟರು ಕೇಳಿದರು.

ನಾಸಿರ್ ಅಂಗೈ ತೆಗೆಯದೆ ಬಾಗಿ, ಕಿವಿಯನ್ನು ಆ ಸೀಳಿಗೆ ಒತ್ತಿದ. “ಇನ್ನೊಮ್ಮೆ ಹೇಳಿ ಸರ್,” ಎಂದ, “ಹೆಸರು ಸಮೇತ.”